ಕೊಯ್ದ ಕುಳಿಯಲ್ಲಿ ಉಳಿದದ್ದನ್ನು ತೋರುವ ಬೆಳಕು

ಕ್ಯಾನ್ಸರ್ ಗಡ್ಡೆಯನ್ನು ಕೊಯ್ದು ತೆಗೆಯುವ ಶಸ್ತ್ರವೈದ್ಯರಿಗೆ ಅತ್ಯಂತ ಕಠಿಣವಾದ ನಿರ್ಧಾರವೆಂದರೆ ಕೊಯ್ಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು. ಗಡ್ಡೆಯ ನಡುಭಾಗವು ಬಣ್ಣದಿಂದಲೋ ಗಡಸುತನದಿಂದಲೋ ತನ್ನನ್ನು ತೋರಿಸಿಕೊಡುತ್ತದೆಯಾದರೂ, ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಹೊಲದಲ್ಲಿ ಹಬ್ಬಿದ ಗರಿಕೆಯ ಬೇರಿನಂತೆ ಆರೋಗ್ಯವಂತ ಕೋಶಗಳ ನಡುವೆ ನುಸುಳಿರುವುದರಿಂದ, ಅವುಗಳ ಗುರುತು ಕಣ್ಣಿಗಾಗಲಿ ಬೆರಳಿಗಾಗಲಿ ಸಿಗುವುದಿಲ್ಲ. ಮೊದಲೇ ತೆಗೆದಿಟ್ಟ ಎಂಆರ್‌ಐ ಚಿತ್ರವೂ ಒಂದು ಮಿತಿಯವರೆಗೆ ಮಾತ್ರ ನೆರವಾಗುತ್ತದೆ, ಏಕೆಂದರೆ ತಲೆಬುರುಡೆಯನ್ನು ತೆರೆದ ಮೇಲೆ ಮಿದುಳು ತುಸು ಕುಸಿದು ಜಾಗ ಬದಲಿಸುತ್ತದೆ. ಸ್ತನವಂತೂ ಮಲಗಿದ ಭಂಗಿಗೆ ತಕ್ಕಂತೆ ಆಕಾರವನ್ನೇ ಬದಲಿಸುತ್ತದೆ.

ಸ್ತನವನ್ನು ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಯುವ ಲಂಪೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ, ಹೊರತೆಗೆದ ತುಂಡಿನ ಮೈಗೆ ಶಾಯಿ ಬಳಿದು, ಅದನ್ನು ತೆಳುವಾಗಿ ಸೀಳಿ, ಪೆಥಾಲಜಿ ತಜ್ಞರು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಕ್ಯಾನ್ಸರ್ ಕೋಶವು ಶಾಯಿಯನ್ನು ಮುಟ್ಟಿದ್ದರೆ ಅಂಚು ಶುದ್ಧವಾಗಿಲ್ಲವೆಂದು ಅರ್ಥ. ಈ ವರದಿ ಕೈಸೇರಲು ಕೆಲವು ದಿನಗಳು ಹಿಡಿಯುವುದರಿಂದ, ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಮತ್ತೆ ಆಪರೇಷನ್ ಟೇಬಲ್ ಏರಬೇಕಾಗುತ್ತದೆ. ಇದಕ್ಕಿಂತ ಮೂಲಭೂತವಾದ ಕೊರತೆಯೊಂದು ಈ ಪರೀಕ್ಷೆಯಲ್ಲಿದೆ: ಪರೀಕ್ಷೆಗೆ ಒಳಗಾಗುವುದು ದೇಹದಿಂದ ಹೊರಬಂದ ತುಂಡು, ರೋಗಿಯ ಬಳಿ ಉಳಿಯುವುದು ಅದು ಬಿಟ್ಟುಹೋದ ಕುಳಿ. ತುಂಡಿನ ಅಂಚನ್ನು ನೋಡಿ ಕುಳಿಯ ಗೋಡೆಯ ಸ್ಥಿತಿಯನ್ನು ಊಹಿಸಬೇಕಾಗಿದ್ದ ಈ ಸಂದರ್ಭದಲ್ಲಿ, ಕುಳಿಯನ್ನೇ ನೇರವಾಗಿ ನೋಡಲು ಸಾಧ್ಯವಾಗಿಸಿರುವುದು ಪ್ರತಿದೀಪ್ತಿ ಎಂಬ ಗುಣ.

ಒಂದು ಬಣ್ಣದ ಬೆಳಕನ್ನು ಹೀರಿ ಮತ್ತೊಂದು ಬಣ್ಣದ ಬೆಳಕನ್ನು ಹೊರಸೂಸುವುದೇ ಪ್ರತಿದೀಪ್ತಿ. ಬ್ಯಾಂಕಿನ ಕೌಂಟರಿನಲ್ಲಿ ಅತಿನೇರಳೆ ದೀಪದಡಿ ಹಿಡಿದ ನೋಟಿನ ಎಳೆಗಳು ಹೊಳೆಯುವುದು ಇದರಿಂದಲೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಮೂರ್ 1940ರ ದಶಕದ ಕೊನೆಯಲ್ಲಿಯೇ ಫ್ಲೋರೆಸೀನ್ ಎಂಬ ಬಣ್ಣವನ್ನು ಬಳಸಿ ಮಿದುಳಿನ ಗಡ್ಡೆಗಳನ್ನು ಗುರುತಿಸಲು ಯತ್ನಿಸಿದ್ದರಾದರೂ, ಈ ವಿಚಾರಕ್ಕೆ ಗಟ್ಟಿಯಾದ ಪುರಾವೆ ದೊರೆತದ್ದು 2006ರಲ್ಲಿ, ಜರ್ಮನಿಯ ವಾಲ್ಟರ್ ಸ್ಟುಮರ್ ಮತ್ತು ಸಂಗಡಿಗರ ಪ್ರಯೋಗದಿಂದ.

ಸ್ಟುಮರ್ ಬಳಸಿದ ವಸ್ತುವಿನ ಹೆಸರು ಅಮೈನೊಲೆವುಲಿನಿಕ್ ಆಮ್ಲ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಣುವನ್ನು ಕಟ್ಟಲು ದೇಹವೇ ತಯಾರಿಸಿಕೊಳ್ಳುವ ಕಚ್ಚಾವಸ್ತು ಇದು. ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆಗಳ ಮೊದಲು ಇದನ್ನು ನೀರಿನಲ್ಲಿ ಕರಗಿಸಿ ಕುಡಿಸಿದರೆ, ಗ್ಲಯೋಮಾ ಎಂಬ ಮಿದುಳಿನ ಕ್ಯಾನ್ಸರಿನ ಕೋಶಗಳು ಇದನ್ನು ಧಾರಾಳವಾಗಿ ಒಳಗೆಳೆದುಕೊಳ್ಳುತ್ತವೆ. ಆದರೆ ಕಬ್ಬಿಣ ಸೇರಿ ಹೀಮ್ ಆಗಬೇಕಾದ ಕೊನೆಯ ಹೆಜ್ಜೆ ಆ ಕೋಶಗಳಲ್ಲಿ ಕುಂಟುವುದರಿಂದ, ಅದಕ್ಕೆ ಹಿಂದಿನ ಹಂತದ ಪ್ರೋಟೊಪಾರ್ಫಿರಿನ್ ಅಲ್ಲಿಯೇ ಶೇಖರವಾಗಿ, ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದಿಂದ ಬೀಳುವ ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುತ್ತದೆ. ಕ್ಯಾನ್ಸರಿನ ಕುಂದೇ ಅದರ ಗುಟ್ಟನ್ನು ರಟ್ಟು ಮಾಡುವ ಈ ಉಪಾಯ ಮೆಚ್ಚತಕ್ಕದ್ದು. ಸ್ಕ್ಯಾನಿನಲ್ಲಿ ಎದ್ದು ಕಾಣುತ್ತಿದ್ದ ಗಡ್ಡೆಯನ್ನು ಪೂರ್ತಿಯಾಗಿ ತೆಗೆಯಲು ಸಾಮಾನ್ಯ ಬೆಳಕಿನಲ್ಲಿ ಶೇಕಡ 36ರಷ್ಟು ರೋಗಿಗಳಲ್ಲಿ ಸಾಧ್ಯವಾದರೆ, ಈ ವಿಧಾನದಲ್ಲಿ ಶೇಕಡ 65ರಷ್ಟು ರೋಗಿಗಳಲ್ಲಿ ಸಾಧ್ಯವಾಯಿತು. ಆರು ತಿಂಗಳಾದರೂ ರೋಗ ಮುಂದುವರಿಯದೆ ಬದುಕಿದ್ದವರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಒಟ್ಟು ಆಯುಷ್ಯದಲ್ಲಿ ಮಾತ್ರ ಸ್ಪಷ್ಟವಾದ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆತದ್ದು 2017ರಲ್ಲಿ.

ಸ್ತನ ಕ್ಯಾನ್ಸರಿಗಾಗಿ ಅಲ್ಲಿ 2024ರಲ್ಲಿ ಅನುಮತಿ ಪಡೆದ ಪೆಗುಲಿಸಿಯಾನೀನ್ ಎಂಬ ಮದ್ದು ಕೆಲಸ ಮಾಡುವ ಬಗೆ ಬೇರೆ. ಚುಚ್ಚುಮದ್ದಾಗಿ ರಕ್ತಕ್ಕೆ ಸೇರುವಾಗ ಇದು ಹೊಳೆಯದ ಸ್ಥಿತಿಯಲ್ಲಿರುತ್ತದೆ. ಗಡ್ಡೆಯ ಒಳಗೂ ಸುತ್ತಲೂ ಹೆಚ್ಚಾಗಿರುವ ಕೆಥೆಪ್ಸಿನ್ ಮುಂತಾದ ಕಿಣ್ವಗಳು ಇದನ್ನು ತುಂಡರಿಸಿದಾಗಷ್ಟೇ ಬೆಳಗುತ್ತದೆ. ವೈದ್ಯರು ಗಡ್ಡೆಯನ್ನು ತೆಗೆದ ಮೇಲೆ ಕೈಯಲ್ಲಿ ಹಿಡಿಯುವ ಕ್ಯಾಮೆರಾವನ್ನು ಕುಳಿಯೊಳಗೆ ಇಳಿಸಿ ಗೋಡೆಗಳನ್ನು ಒಂದೊಂದಾಗಿ ನೋಡುತ್ತಾರೆ. ಒಂದು ಪ್ರಯೋಗದಲ್ಲಿ ಹೀಗೆ ಪರೀಕ್ಷಿಸಿದ 357 ರೋಗಿಗಳ ಪೈಕಿ 27 ಮಂದಿಯಲ್ಲಿ ಉಳಿದುಹೋಗಿದ್ದ ಕ್ಯಾನ್ಸರ್ ಸಿಕ್ಕಿತು. ಅದರಲ್ಲಿ ಕೆಲವು, ಅಂಚಿನ ಪರೀಕ್ಷೆ ಶುದ್ಧವೆಂದು ಹೇಳಿದ್ದ ಕಡೆಯಲ್ಲೇ ಇದ್ದವು.

ಇಷ್ಟಾದರೂ ಬೆಳಕನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಇದೇ ಪ್ರಯೋಗದಲ್ಲಿ, ಕ್ಯಾನ್ಸರ್ ಇದ್ದ ಅಂಚುಗಳ ಪೈಕಿ ಅರ್ಧದಷ್ಟನ್ನು ಮಾತ್ರ ಬೆಳಕು ತೋರಿಸಿತು. ಸಂಶೋಧಕರು ಮೊದಲೇ ಹಾಕಿಕೊಂಡಿದ್ದ ಗುರಿಯನ್ನು ಅದು ಮುಟ್ಟಲಿಲ್ಲ. ಕ್ಯಾನ್ಸರ್ ಇಲ್ಲದ ಜಾಗವೂ ಒಮ್ಮೊಮ್ಮೆ ಹೊಳೆಯುವುದುಂಟು, ಮತ್ತು ಕೆಲವೇ ಜನರಲ್ಲಾದರೂ ಈ ಮದ್ದು ಪ್ರಾಣಕ್ಕೆ ಅಪಾಯ ತರಬಲ್ಲ ಅಲರ್ಜಿಯನ್ನು ಉಂಟುಮಾಡಬಹುದು. ಅಮೈನೊಲೆವುಲಿನಿಕ್ ಆಮ್ಲ ಕುಡಿದವರು ಚರ್ಮ ಸುಡದಂತೆ ಒಂದೆರಡು ದಿನ ಪ್ರಖರ ಬೆಳಕಿನಿಂದ ದೂರವಿರಬೇಕು. ಹೊಲಿಗೆ ಹಾಕುವ ಮುನ್ನ ಕುಳಿಯ ಗೋಡೆಯನ್ನು ಒಮ್ಮೆ ತಪಾಸಣೆ ಮಾಡುವ ಅವಕಾಶವಾಗಿ ಈ ತಂತ್ರಕ್ಕೆ ಬೆಲೆಯಿದೆ, ತೀರ್ಪಾಗಿ ಅಲ್ಲ. ಹೊಳೆದ ಜಾಗದಿಂದ ಕೆರೆದು ತೆಗೆದ ಚೂರು ಕೂಡ ಕೊನೆಗೆ ಪೆಥಾಲಜಿ ಪ್ರಯೋಗಾಲಯಕ್ಕೇ ಹೋಗುತ್ತದೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಇಂದಿಗೂ ಹೇಳುವುದು ಸೂಕ್ಷ್ಮದರ್ಶಕವೇ.