ಹಾಲೆಯೋ ಕಾಸರಕವೋ? ಆಟಿ ಅಮಾವಾಸ್ಯೆಗೆ ಮೊದಲು ಒಂದು ಎಲೆ ಪಾಠ

ಆಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಕಾಸರಗೋಡು, ಮಂಜೇಶ್ವರ ಕಡೆಯ ತರಗತಿಗಳಲ್ಲಿ ಹಾಲೆ ಕಷಾಯದ ಮಾತು ಶುರು. ತುಳುವಿನಲ್ಲಿ ಪಾಲೆ, ಮಲಯಾಳದಲ್ಲಿ ಏಳಿಲಂಪಾಲ, ಸಂಸ್ಕೃತದಲ್ಲಿ ಸಪ್ತಪರ್ಣಿ, ನಮ್ಮ ಪಾಠಪುಸ್ತಕದಲ್ಲಿ ಆಲ್‌ಸ್ಟೋನಿಯ. ಇದರ ಹಗುರವಾದ ಮರದಿಂದ ಹಿಂದೆ ಶಾಲಾಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದರು. ಅದಕ್ಕೇ ಲಿನೇಯಸ್ 1767ರಲ್ಲಿ ಇದಕ್ಕೆ 'ಸ್ಕಾಲರಿಸ್' ಎಂಬ ಹೆಸರು ಕೊಟ್ಟದ್ದು. ನಮ್ಮ ವೃತ್ತಿಗೆ ಇಷ್ಟು ಹತ್ತಿರದ ಮರ ಬೇರೆ ಯಾವುದಿದೆ ಹೇಳಿ!

ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯಬೇಕು. ಅದರ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲು ಹಾಕಿ ಖಾಲಿಹೊಟ್ಟೆಗೆ ಕುಡಿಯುವುದು. ಆಮೇಲೆ ಮೆಂತೆ ಗಂಜಿ. ಕೆತ್ತೆಯಲ್ಲಿ ಎಕಿಟಮೈನ್ ಮೊದಲಾದ ಆಲ್ಕಲಾಯ್ಡ್‌ಗಳಿವೆ, ಕಹಿ ಅವುಗಳದ್ದು. ಅದೊಂದೇ ದಿನ ಮದ್ದೆಲ್ಲ ಮರದಲ್ಲಿ ಕೂಡುತ್ತದೆಯಾ ಅಂತ ಮಕ್ಕಳು ಕೇಳ್ತಾರೆ. ಉಳಿದ ದಿನಗಳ ಕೆತ್ತೆಯನ್ನೂ ಪರೀಕ್ಷಿಸಿ ಹೋಲಿಸದೆ ಹಾಗೆ ಹೇಳಲಿಕ್ಕಾಗದು ಅಂತಲೇ ನನ್ನ ಉತ್ತರ.

ನನ್ನ ಚಿಂತೆ ಬೇರೆ. ಕತ್ತಲಲ್ಲಿ, ಮಳೆಯಲ್ಲಿ, ಬರೀ ಕಾಂಡ ನೋಡಿ ಕೆತ್ತೆ ತೆಗೆಯುತ್ತೇವೆ. ಕಾಸರಕದ ಕಾಂಡವೂ ಬೂದುಬಣ್ಣದ್ದೇ. ಕಾಸರಗೋಡಿನ ಹೆಸರೇ ಆ ಮರದಿಂದ ಬಂತೆಂಬ ವಾದವಿದೆ, ನಮ್ಮಲ್ಲಿ ಅದಕ್ಕೇನು ಬರವಿಲ್ಲ. ಅದರ ಬೀಜ, ತೊಗಟೆಗಳಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹಿಡಿತದಲ್ಲಿಡುವ ಗ್ಲೈಸಿನ್‌ನ ಕೆಲಸಕ್ಕೆ ಸ್ಟ್ರಿಕ್ನಿನ್ ಅಡ್ಡ ನಿಲ್ಲುತ್ತದೆ. ಆಗ ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆದು ಎಳೆಯುತ್ತದೆ, ಪ್ರಜ್ಞೆ ಮಾತ್ರ ಇರುತ್ತದೆ. ಉಸಿರಾಟದ ಸ್ನಾಯುಗಳೂ ಬಿಗಿದರೆ ಜೀವವೇ ಹೋಗುತ್ತದೆ.

"ಕುಡಿದು ನೋಡಿದರೆ ಗೊತ್ತಾಗ್ತದಲ್ಲ ಟೀಚರೇ" ಅಂದಿದ್ದ ಒಬ್ಬ ಹುಡುಗ. ಗೊತ್ತಾಗುವುದಿಲ್ಲ. ಎರಡೂ ಕಹಿ. ಬಿಸಿಕಲ್ಲು ಹಾಕಿದರೂ, ಕುದಿಸಿದರೂ ಸ್ಟ್ರಿಕ್ನಿನ್ ನಾಶವಾಗದು.

ಹಾಲು ಬಂದರೆ ಹಾಲೆ ಎನ್ನುವವರಿದ್ದಾರೆ. ಕಾಸರಕಕ್ಕೆ ಹಾಲಿಲ್ಲ, ಅಲ್ಲಿಯವರೆಗೆ ಸರಿ. ಆದರೆ ಹಿನ್ನೀರಿನ ಬದಿ ಬೆಳೆಯುವ, ಮಲಯಾಳದವರು ಒದಳಂ ಎನ್ನುವ ಮರಕ್ಕೂ ಬಿಳಿ ಹಾಲುಂಟು. ಅದು ಹೃದಯಕ್ಕೇ ವಿಷ. ಹಾಗಾಗಿ ಹಾಲೊಂದನ್ನೇ ನಂಬಬಾರದು.

ನಂಬಬೇಕಾದ್ದು ಎಲೆಯ ಜೋಡಣೆಯನ್ನು. ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ನಾಲ್ಕರಿಂದ ಏಳೆಂಟು ಎಲೆಗಳು ಚಕ್ರದ ಹಾಗೆ ಕೂತಿರುತ್ತವೆ. ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇಂಥ ಜೋಡಣೆಗೆ ಕೊಟ್ಟ ಉದಾಹರಣೆಯೇ ಆಲ್‌ಸ್ಟೋನಿಯ. ಕಾಸರಕದ ಎಲೆಗಳು ಎದುರುಬದುರು ಜೋಡಿ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ. ಒದಳದ ಎಲೆಗಳು ಕೊಂಬೆಯ ತುದಿಯಲ್ಲಿ ಒತ್ತಾಗಿದ್ದರೂ ಒಂದೇ ಗೆಣ್ಣಿನಿಂದ ಹೊರಟವಲ್ಲ, ಸುರುಳಿಯಾಗಿ ಒಂದರ ಮೇಲೊಂದು ಏರುತ್ತವೆ.

ಜುಲೈಯ ಒಂದು ಪೀರಿಯಡ್ ಇದಕ್ಕೆ ಸಾಕು. ಹಾಲೆ, ಕಾಸರಕದ ಗೆಲ್ಲುಗಳನ್ನು ನಾವೇ ತಂದು ಮೇಜಿನ ಮೇಲಿಡೋಣ, ಮಕ್ಕಳು ನೋಡಿ ಚಿತ್ರ ಬಿಡಿಸಲಿ. ಹಾಲು ಕೈಗೆ, ಕಣ್ಣಿಗೆ ತಾಗದಂತೆ ಎಚ್ಚರ ಬೇಕು. ಕೆಲವು ಮನೆಗಳಲ್ಲಿ ಹಿಂದಿನ ದಿನವೇ ಮರಕ್ಕೆ ನೂಲು ಕಟ್ಟಿ ಬರುವ ಪದ್ಧತಿಯಿದೆ. ಹಗಲಲ್ಲಿ ಎಲೆ ಎಣಿಸಿ, ಆಮೇಲೆ ನೂಲು ಕಟ್ಟಲು ಮಕ್ಕಳ ಮೂಲಕವೇ ಮನೆಗೆ ಹೇಳಿ ಕಳಿಸಬಹುದು.