ನಗಿಸಿದವರಿಗೆ ಯಾಕೆ ಕಡಿಮೆ ಅಂಕ?

ನೆಂಟರು ಸೇರಿದ ಮನೆಯಲ್ಲಿ ಊಟ ಮುಗಿದು ಸಿನಿಮಾ, ಟಿವಿ ಮಾತು ಶುರುವಾದರೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಇಷ್ಟದ ಕಾಮಿಡಿ ಯಾವುದು ಅಂದರೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’, ‘ಗಣೇಶನ ಮದುವೆ’ ಎಂದು ನಾಲ್ಕು ಬಾಯಿ ಒಟ್ಟಿಗೆ ಉತ್ತರಿಸುತ್ತವೆ. ಕನ್ನಡದ ಅತ್ಯುತ್ತಮ ನಟನೆ ಯಾವುದು ಅಂದ ಕೂಡಲೇ ದನಿ ಗಂಭೀರವಾಗುತ್ತದೆ, ಮೊದಲು ಹೇಳಿದ ಹೆಸರುಗಳಲ್ಲಿ ಒಂದೂ ಈಚೆಗೆ ದಾಟಿ ಬರುವುದಿಲ್ಲ. ಪ್ರಶಸ್ತಿಗಳ ಕಥೆಯೂ ಇದೇ. ಕನ್ನಡಕ್ಕೆ ಅತ್ಯುತ್ತಮ ನಟ, ನಟಿ ರಾಷ್ಟ್ರಪ್ರಶಸ್ತಿ ತಂದ ಪಾತ್ರಗಳನ್ನು ನೆನೆಯಿರಿ: ‘ಕಾಡು’ವಿನ ನಂದಿನಿ ಭಕ್ತವತ್ಸಲ, ‘ಚೋಮನ ದುಡಿ’ಯ ಎಂ.ವಿ. ವಾಸುದೇವ ರಾವ್, ‘ತಬರನ ಕಥೆ’ಯ ಚಾರುಹಾಸನ್, ‘ಹಸೀನಾ’ದ ತಾರಾ, ‘ಗುಲಾಬಿ ಟಾಕೀಸ್’ನ ಉಮಾಶ್ರೀ, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್, ‘ಕಾಂತಾರ’ದ ರಿಷಬ್ ಶೆಟ್ಟಿ. ಎಲ್ಲರೂ ಆ ಗೌರವಕ್ಕೆ ಅರ್ಹರೇ. ಆದರೆ ಈ ಪಾತ್ರಗಳಲ್ಲಿ ಇರುವುದು ಸಂಕಟ, ಅವಮಾನ ಇಲ್ಲವೇ ಆವೇಶ. ನಗಿಸುವುದಕ್ಕೆಂದೇ ಹುಟ್ಟಿದ ಪಾತ್ರ ಇಲ್ಲಿ ಒಂದೂ ಇಲ್ಲ. ನಗಿಸುವ ನಟನೆಯನ್ನು ನಾವು ಪ್ರೀತಿಸುತ್ತೇವೆ, ಆದರೆ ನಟನೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ತಪ್ಪು ಲೆಕ್ಕ ಎಂಬುದು ನನ್ನ ವಾದ.

ಅನಂತನಾಗ್ ಅವರ ಎರಡು ಪಾತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1990ರಲ್ಲಿ ಬಂದ ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ಯಲ್ಲಿ ಅವರು ವಠಾರದ ಬಾಡಿಗೆದಾರ. ಅದೇ ವಠಾರದ ಆದಿಲಕ್ಷ್ಮಿಯನ್ನು ಕಂಡರೆ ಕಿಡಿಕಿಡಿ. ರೇಡಿಯೋದಲ್ಲಿ ಹಾಡುವ ಶ್ರುತಿ ಎಂದರೆ ಪ್ರಾಣ. ಇಬ್ಬರೂ ಒಬ್ಬಳೇ ಎಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇಡೀ ಸಿನಿಮಾ ನಿಂತಿರುವುದು ಆ ‘ಗೊತ್ತಿಲ್ಲ’ದ ಮೇಲೆ. ಒಂದೇ ಒಂದು ದೃಶ್ಯದಲ್ಲಿ ಅವರ ಕಣ್ಣಿನಂಚಿನಲ್ಲಿ ‘ಇದು ತಮಾಷೆ’ ಎಂಬ ಸುಳಿವು ಕಂಡಿದ್ದರೂ ಕಟ್ಟಡ ಕುಸಿಯುತ್ತಿತ್ತು. ಅವರ ಜಗಳ ನಿಜವಾದ ಜಗಳ, ಹಂಬಲ ನಿಜವಾದ ಹಂಬಲ. ಅದಕ್ಕೇ ನಾವು ನಗುತ್ತೇವೆ. ಇನ್ನು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಇಲ್ಲಿ ಅವರು ನೆನಪು ಕಳೆದುಕೊಳ್ಳುತ್ತಿರುವ ವೆಂಕೋಬ ರಾವ್. ತಾನು ಎಲ್ಲಿದ್ದೇನೆ, ಎದುರಿಗಿರುವವರು ಯಾರು ಎಂದು ತಿಳಿಯದ ಹಿರಿಯ ಜೀವ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮತ್ತೆ ಅದೇ! ಅಂದು ನಗಿಸಿದ್ದೂ ಇಂದು ಗಂಟಲು ಕಟ್ಟಿಸುವುದೂ ಒಂದೇ ವಿದ್ಯೆ: ನೋಡುವವರಿಗೆ ತಿಳಿದಿರುವುದು ಪಾತ್ರಕ್ಕೆ ತಿಳಿದಿಲ್ಲ ಎಂದು ಪೂರ್ತಿ ನಂಬಿಸುವುದು. ಎರಡನೆಯದನ್ನು ಮಹಾನ್ ಅಭಿನಯ ಎಂದು ಕರೆದು, ಮೊದಲನೆಯದನ್ನು ‘ಒಳ್ಳೆ ಟೈಂಪಾಸ್’ ಎಂದರೆ ನ್ಯಾಯವೇ?

ನಗಿಸುವುದು ಸಂಭಾಷಣೆ, ನಟನದೇನಿದೆ ಎನ್ನುವವರಿದ್ದಾರೆ. ಹಾಗಾದರೆ ಚೋಮನ ಬೆನ್ನಿಗೆ ಶಿವರಾಮ ಕಾರಂತರಿದ್ದರು, ತಬರನ ಬೆನ್ನಿಗೆ ತೇಜಸ್ವಿಯವರಿದ್ದರು. ಅಲ್ಲಿ ಬರಹಗಾರನ ಪಾಲನ್ನು ನಾವು ನಟನ ಅಂಕದಿಂದ ಕಳೆಯುವುದಿಲ್ಲ. ಅಲ್ಲದೆ ಬರೆದ ಮಾತು ನಗುವಾಗುವುದು ಅದನ್ನು ಆಡುವ ಗಳಿಗೆಯಲ್ಲಿ. ಅರ್ಧ ಕ್ಷಣ ಮುಂಚೆ ಆಡಿದರೆ ಕೇಳಿಸುವುದಿಲ್ಲ, ಅರ್ಧ ಕ್ಷಣ ತಡವಾದರೆ ಸಪ್ಪೆ. ಹಾಸ್ಯನಟ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂಬುದನ್ನು ನೆನೆದಾಗ ಈ ಕೆಲಸದ ಕಷ್ಟ ಅರ್ಥವಾಗುತ್ತದೆ. ಎದುರಿನವರ ಮಾತು ಎಲ್ಲಿ ಮುಗಿಯಿತೆಂದು ಗ್ರಹಿಸುವುದೇ ಸವಾಲಾಗಿದ್ದ ಮನುಷ್ಯ, ದಶಕಗಳ ಕಾಲ ಗಳಿಗೆ ತಪ್ಪದೆ ಮಾತು ಆಡಿದರು. ಇದಕ್ಕಿಂತ ದೊಡ್ಡ ಏಕಾಗ್ರತೆಯನ್ನು ಯಾವ ಗಂಭೀರ ಪಾತ್ರ ಕೇಳೀತು?

ಹಾಸ್ಯದಲ್ಲಿ ಅತಿರೇಕವೇ ಜಾಸ್ತಿ ಎಂಬ ದೂರಿನಲ್ಲಿ ಹುರುಳಿದೆ. ಮುಖ ಸೊಟ್ಟ ಮಾಡಿ, ಹಿನ್ನೆಲೆಯಲ್ಲಿ ‘ಟೊಂಯ್’ ಎನಿಸಿ ನಗು ವಸೂಲಿ ಮಾಡುವ ದೃಶ್ಯಗಳಿಗೆ ಬರವಿಲ್ಲ. ಆದರೆ ಧಾರಾವಾಹಿಗಳ ಗ್ಲಿಸರಿನ್ ಕಣ್ಣೀರನ್ನು ನೋಡಿ ಕರುಣರಸವನ್ನೇ ಯಾರೂ ತಳ್ಳಿಹಾಕುವುದಿಲ್ಲ. ದುಃಖವನ್ನು ಅದರ ಶ್ರೇಷ್ಠ ಉದಾಹರಣೆಯಿಂದ, ನಗುವನ್ನು ಅದರ ಕಳಪೆ ಉದಾಹರಣೆಯಿಂದ ಅಳೆಯುತ್ತಿದ್ದೇವೆ. ನಮ್ಮ ಹಳಬರು ಹೀಗೆ ಅಳೆಯಲಿಲ್ಲ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಶೃಂಗಾರದ ಬೆನ್ನಲ್ಲೇ ಕೂರಿಸಿ, ಮುಗುಳ್ನಗೆಯಿಂದ ಅಟ್ಟಹಾಸದವರೆಗೆ ನಗುವಿನಲ್ಲಿ ಆರು ಬಗೆ ಗುರುತಿಸುತ್ತದೆ. ಯಕ್ಷಗಾನದಲ್ಲಿ ಹಾಸ್ಯಗಾರನದು ಮೇಳಕ್ಕೆ ಬೇಕೇ ಬೇಕಾದ ವೇಷ. ಸ್ಥಳದಲ್ಲೇ ಮಾತು ಹುಟ್ಟಿಸಬಲ್ಲ ಪ್ರತಿಭೆ ಇಲ್ಲದವನಿಗೆ ಅದು ದಕ್ಕುವುದಿಲ್ಲ.

ಟಿವಿಯ ಹಾಸ್ಯವನ್ನು ಇನ್ನೂ ಕೆಳಗಿಡುತ್ತಾರೆ: ದಿನವೂ ಅದೇ ಪಾತ್ರ, ಅದೇ ವರಸೆ, ಅದರಲ್ಲೇನು ಅಭಿನಯ ಎಂದು. ಹಲವು ಧಾರಾವಾಹಿಗಳು ಎಳೆದೆಳೆದು ಜಾಳಾದದ್ದು ಹೌದು. ಆದರೆ ಅದೇ ವರಸೆಯನ್ನು ನೂರಾರು ಕಂತು ಬೇಸರ ಬರದಂತೆ ಹೊಸದಾಗಿಡುವುದು ಸಲೀಸಲ್ಲ. ‘ಸಿಲ್ಲಿ ಲಲ್ಲಿ’ ನಿಂತು ವರ್ಷಗಳಾದರೂ ಮಂಜುಭಾಷಿಣಿ ಜನರ ಪಾಲಿಗೆ ಸಮಾಜ ಸೇವಕಿ ಲಲಿತಾಂಬ, ರವಿಶಂಕರ್ ಗೌಡ ಡಾಕ್ಟರ್ ವಿಠಲ್ ರಾವ್. ‘ಸಿಹಿಕಹಿ’ ಧಾರಾವಾಹಿಯ ಹೆಸರಂತೂ ಚಂದ್ರು, ಗೀತಾ ಇಬ್ಬರ ಹೆಸರಿಗೂ ಖಾಯಂ ಆಗಿ ಅಂಟಿಕೊಂಡಿತು. ಪಾತ್ರ ನಟರ ಹೆಸರನ್ನೇ ಬದಲಿಸಿದ ಮೇಲೂ ಅದು ಅಭಿನಯವಲ್ಲ ಎನ್ನುವುದು ಹೇಗೆ?

ಉಮಾಶ್ರೀ ಅವರ ದಾರಿ ಈ ಚರ್ಚೆಯ ನಡುಮಧ್ಯೆಯೇ ಹಾದುಹೋಗುತ್ತದೆ. ಎಂಬತ್ತರ ದಶಕದಲ್ಲಿ ಹಾಸ್ಯನಟ ಎನ್.ಎಸ್. ರಾವ್ ಜೊತೆ ಜನರನ್ನು ನಗಿಸಿದಾಗ ಅವರನ್ನು ಕಾಮಿಡಿಯವರು ಎಂದಷ್ಟೇ ಕರೆದೆವು. ಇನ್ನೂ ನಲವತ್ತು ತುಂಬುವ ಮುಂಚೆ, 1995ರ ‘ಪುಟ್ನಂಜ’ದಲ್ಲಿ ಮುದುಕಿ ಪುಟ್ಮಲ್ಲಿಯಾಗಿ ನಗಿಸುತ್ತಲೇ ಕಣ್ಣು ಒದ್ದೆ ಮಾಡಿಸಿದರು. 2008ರ ‘ಗುಲಾಬಿ ಟಾಕೀಸ್’ನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿಯಾಗಿ ಬಂದಾಗ, ಅಬ್ಬಾ, ಎಂಥ ಕಲಾವಿದೆ ಎಂದೆವು. ಪರದೆಯ ಮುಂದೆ ಕೂತ ಗುಲಾಬಿಯ ಮುಖ ಅರಳುವ ಬಗೆಯನ್ನು ಇನ್ನೊಮ್ಮೆ ನೋಡಿ. ಮಾತಿಲ್ಲದೆ ಮುಖದಲ್ಲೇ ಖುಷಿ ಹಬ್ಬಿಸುವ ಆ ಹದ ಪ್ರಶಸ್ತಿಯ ವರ್ಷದಲ್ಲಿ ಹುಟ್ಟಿದ್ದಲ್ಲ. ನಾವು ನಕ್ಕು ಮರೆತ ಆ ಹಳೆಯ ಚಿತ್ರಗಳಲ್ಲೂ ಅದು ಇತ್ತು.