ಅಘನಾಶಿನಿಯ ಅಳಿವೆಯಲ್ಲಿ ಬಿಡುವಿನ ದಿನಗಳು

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದವಿದೆ. ಪ್ರವಾಸಿಗರ ನೂಕುನುಗ್ಗಲು ಕಾಣುವುದು ಮಲ್ಪೆ, ಮುರ್ಡೇಶ್ವರ, ಗೋಕರ್ಣ, ಕಾರವಾರದಂಥ ಕೆಲವೇ ಕಡೆ. ನಡುವೆ ಉಳಿದದ್ದರಲ್ಲಿ ಬಹುಪಾಲು ಹಳ್ಳಿಗಾಡು: ತೆಂಗಿನ ತೋಟ, ಗದ್ದೆ ಬಯಲು, ಮೀನುಗಾರರ ಕೇರಿ, ನದಿಯೊಂದು ಕಡಲು ಸೇರುವ ಅಳಿವೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿರುವ ಅಘನಾಶಿನಿ ನದಿಯ ಅಳಿವೆ ಅಂಥದ್ದೊಂದು ಸೀಮೆ. ನೋಡಲೇಬೇಕಾದ ಸ್ಥಳಗಳ ಪಟ್ಟಿ ಹಿಡಿದು ಬಂದವರಿಗೆ ಇಲ್ಲಿ ಒಂದೇ ದಿನಕ್ಕೆ ಬೇಸರ ಬಂದೀತು. ಒಂದೇ ಊರಿನಲ್ಲಿ ನಾಲ್ಕೈದು ದಿನ ಉಳಿದು, ದಿನದ ವೇಳಾಪಟ್ಟಿಯನ್ನು ಕಡಲಿನ ಉಬ್ಬರ-ಇಳಿತಕ್ಕೆ ಬಿಟ್ಟವರಿಗೆ ಸಮಯ ಸಾಲದು.

ನದಿ, ಗಜನಿ, ಉಪ್ಪು

ಶಿರಸಿಯ ಶಂಕರಹೊಂಡವನ್ನು ಅಘನಾಶಿನಿಯ ಮೂಲ ಎನ್ನುತ್ತಾರೆ. ಸುಮಾರು 120 ಕಿ.ಮೀ. ಹರಿಯುವ ಈ ನದಿ ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಘಟ್ಟ ಇಳಿದು, ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಇದೇ ಜಿಲ್ಲೆಯಲ್ಲಿ ಹರಿಯುವ ಕಾಳಿ, ಶರಾವತಿಗಳಿಗೆ ದೊಡ್ಡ ಅಣೆಕಟ್ಟೆಗಳಿವೆ, ಅಘನಾಶಿನಿಗೆ ಇಲ್ಲ. ಆದ್ದರಿಂದ ಮಳೆಗಾಲದ ಸಿಹಿನೀರು ಮತ್ತು ಬೇಸಿಗೆಯ ಉಪ್ಪುನೀರು ಇಂದಿಗೂ ಋತುಮಾನಕ್ಕೆ ತಕ್ಕಂತೆ ಅಳಿವೆಯಲ್ಲಿ ಏರಿಳಿಯುತ್ತವೆ. ಮೀನು, ಸಿಗಡಿ, ಚಿಪ್ಪಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಈ ಏರಿಳಿತವೇ ಆಧಾರ. 2024ರ ಜನವರಿಯಲ್ಲಿ ಇಲ್ಲಿನ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಅಳಿವೆಯ ಬದಿಯ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಬೇಸಿಗೆಯಲ್ಲಿ ಉಪ್ಪುನೀರು ನಿಲ್ಲುವ ಈ ನೆಲವನ್ನು ಜೂನ್ ಮಳೆ ತೊಳೆದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಇದು. ಗೊಬ್ಬರ, ಔಷಧಿಯ ಹಂಗಿಲ್ಲ. ಕೊಯ್ಲು ಮುಗಿದ ಮೇಲೆ ಒಡ್ಡಿನ ಬಾಗಿಲು ತೆರೆದು ಕಡಲ ನೀರನ್ನು ಒಳಬಿಡುತ್ತಾರೆ. ನೀರಿನೊಂದಿಗೆ ಸಿಗಡಿ, ಮೀನಿನ ಮರಿಗಳು ಬರುತ್ತವೆ, ಕೊಳೆತ ಹುಲ್ಲಿನ ನಡುವೆ ಬೆಳೆಯುತ್ತವೆ. ಹೀಗೆ ಒಂದೇ ಗದ್ದೆ ಅರ್ಧ ವರ್ಷ ಅನ್ನಕ್ಕೆ, ಅರ್ಧ ವರ್ಷ ಪದಾರ್ಥಕ್ಕೆ. ಮಾಣಿಕಟ್ಟಾದ ಸುತ್ತ ಈ ಬೇಸಾಯ ಇನ್ನೂ ಉಳಿದಿದೆ.

ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಉಬ್ಬರದ ನೀರನ್ನು ಕಾಲುವೆಯಿಂದ ಒಳಗೆ ತಂದು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಮಂದಗೊಳಿಸುತ್ತಾರೆ. ಕೊನೆಯ ಸಣ್ಣ ಮಡಿಗಳಲ್ಲಿ ಹರಳು ಕಟ್ಟಿದ ಮೇಲೆ ಉದ್ದ ಹಿಡಿಯ ಹಲಗೆಯಿಂದ ಅದನ್ನು ಅಂಚಿಗೆ ಎಳೆದು ರಾಶಿ ಹಾಕುತ್ತಾರೆ. ಈ ಕೆಲಸ ನೋಡಬೇಕಿದ್ದರೆ ಬಿಸಿಲಿನ ತಿಂಗಳುಗಳಲ್ಲೇ ಬರಬೇಕು. ಮೊದಲ ಮಳೆಗೆ ಆ ವರ್ಷದ ಆಗರ ಮುಗಿದಂತೆ.

ಯಾವಾಗ ಹೋಗಬೇಕು

ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಹೆಚ್ಚಿನವರಿಗೆ ಹಿತ. ಬೆಳಗು ತಂಪಾಗಿರುತ್ತದೆ, ಕಡಲು ಶಾಂತವಾಗಿರುತ್ತದೆ, ಅಳಿವೆಗೆ ವಲಸೆ ಹಕ್ಕಿಗಳು ಬಂದಿರುತ್ತವೆ. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಮಹಾಶಿವರಾತ್ರಿಯ ಜಾತ್ರೆ ಮತ್ತು ಸಾಲು ರಜೆಗಳಲ್ಲಿ ಗೋಕರ್ಣದ ಗದ್ದಲ ಸುತ್ತಲಿನ ಊರುಗಳಿಗೂ ಚೆಲ್ಲುತ್ತದೆ. ನೆಮ್ಮದಿ ಬೇಕೆನ್ನುವವರು ಆ ದಿನಗಳನ್ನು ಬಿಟ್ಟು, ವಾರದ ನಡುವಿನ ದಿನಗಳನ್ನು ಹಿಡಿಯುವುದು ಒಳ್ಳೆಯದು.

ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮಳೆ ಹಿಂದಾಗಿ ಗದ್ದೆಗಳು ಕೊಯ್ಲಿಗೆ ಬಂದಿರುತ್ತವೆ, ಜನಸಂದಣಿ ಕಡಿಮೆ. ಮಾರ್ಚ್‌ನಿಂದ ಸೆಕೆ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯ ತೇವದಿಂದ ಹಗಲಿಡೀ ಬೆವರು. ಆ ಕಷ್ಟಕ್ಕೆ ಪ್ರತಿಯಾಗಿ ಮಾವು, ಹಲಸು, ಮುರುಗಲು ಸಿಗುತ್ತವೆ. ಹಂದಿಗೋಣ, ಅಳ್ವೆಕೋಡಿಯ ಬಳಿ ಹೆದ್ದಾರಿಯ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿ ಮಾರಾಟಕ್ಕೆ ಬರುವುದೂ ಆಗಲೇ. ಒಣಗಿದ ಎಲೆಗಳನ್ನು ಜಡೆಯಂತೆ ಹೆಣೆದು ಗೊಂಚಲು ಕಟ್ಟಿ, ಗಳಕ್ಕೆ ತೂಗುಹಾಕಿರುತ್ತಾರೆ. ಮನೆಗೆ ಕೊಂಡೊಯ್ದವರು ಅದನ್ನು ಹಾಗೆಯೇ ಗಾಳಿಯಾಡುವ ಕಡೆ ನೇತುಹಾಕಿ, ಬೇಕಾದಂತೆ ಕಿತ್ತು ಬಳಸುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೀಳುವುದು ಘನವಾದ ಮಳೆ. ಜಗುಲಿಯಲ್ಲಿ ಕೂತು ಮಳೆ ನೋಡುವುದೇ ರಜೆ ಎನ್ನುವವರಿಗೆ ಇದು ತಕ್ಕ ಕಾಲ, ಆದರೆ ಕಡಲಿಗೆ ಇಳಿಯುವಂತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಡಲ ಮೀನೂ ಅಪರೂಪ. ರಸ್ತೆಯ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು, ಜೀವಗಳೂ ಹೋದವು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಪ್ರಯಾಣವನ್ನು ಮುಂದೂಡುವುದೇ ಸರಿ.

ತಲುಪುವುದು, ತಂಗುವುದು

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಕುಮಟಾ ಮುಟ್ಟುತ್ತದೆ. ಕೊಂಕಣ ರೈಲುಮಾರ್ಗದ ಕುಮಟಾ ಮತ್ತು ಗೋಕರ್ಣ ರೋಡ್ ಎರಡೂ ನಿಲ್ದಾಣಗಳು ಅಳಿವೆಗೆ ಹತ್ತಿರ. ನದಿಯ ದಕ್ಷಿಣ ದಂಡೆಯಲ್ಲಿ ತಂಗುವವರಿಗೆ ಕುಮಟಾ, ಉತ್ತರ ದಂಡೆಯವರಿಗೆ ಗೋಕರ್ಣ ರೋಡ್ ಅನುಕೂಲ. ಹುಬ್ಬಳ್ಳಿ ಕಡೆಯವರು ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಅಂಕೋಲಾ ಮಾರ್ಗವಾಗಿ, ಸಾಗರದ ಕಡೆಯವರು ಗೇರುಸೊಪ್ಪೆ ಘಟ್ಟದಿಂದ ಹೊನ್ನಾವರದ ಮಾರ್ಗವಾಗಿ ಬರಬಹುದು. ಶಿರಸಿಯಿಂದ ದೇವಿಮನೆ ಘಟ್ಟದ ದಾರಿ ಹತ್ತಿರವಾದರೂ, ಹೊರಡುವ ಮುನ್ನ ವಾಹನ ಬಿಡುತ್ತಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ದಂಡೆಯ ಆಯ್ಕೆ ಮುಖ್ಯ. ತದಡಿಯಲ್ಲಿ ಮೀನುಗಾರಿಕೆ ಬಂದರಿದೆ, ಗೋಕರ್ಣ ಪಕ್ಕದಲ್ಲೇ ಇದೆ; ಅಂಗಡಿ, ಹೋಟೆಲು, ಓಡಾಟ ಹೆಚ್ಚು. ದಕ್ಷಿಣದ ಅಘನಾಶಿನಿ, ಕಾಗಾಲ, ಬಾಡ, ಹೊಲನಗದ್ದೆಗಳು ಹೆದ್ದಾರಿಯಿಂದ ಒಳಗಿವೆ. ಕತ್ತಲಾದ ಮೇಲೆ ತೆರೆಯ ಸದ್ದು ಬಿಟ್ಟರೆ ಹೆಚ್ಚೇನೂ ಕೇಳದು. ಎರಡೂ ದಂಡೆಗಳ ನಡುವೆ ದೋಣಿಯ ಸಂಪರ್ಕವಿದೆ. ರಸ್ತೆಯಲ್ಲಾದರೆ ಸೇತುವೆಗಾಗಿ ಮಿರ್ಜಾನದವರೆಗೆ ಸುತ್ತಿ ಬರಬೇಕು.

ಈ ಊರುಗಳಲ್ಲಿ ಸಿಗುವುದು ಬಹುಮಟ್ಟಿಗೆ ಹೋಮ್‌ಸ್ಟೇಗಳು ಮತ್ತು ಸಣ್ಣ ವಸತಿಗೃಹಗಳು. ಕಾಯ್ದಿರಿಸುವಾಗ ಮೂರು ಸಂಗತಿಗಳನ್ನು ಕೇಳಿಕೊಂಡರೆ ಮುಂದಿನ ಕಿರಿಕಿರಿ ತಪ್ಪುತ್ತದೆ. ಮೊದಲನೆಯದು ಊಟ: ಹವ್ಯಕರ ಮನೆಗಳಲ್ಲಿ ಮೀನು ಮಾಡುವುದಿಲ್ಲ, ಮೀನೂಟ ಕೊಡುವ ಮನೆಗಳಿಗೆ ಬೆಳಿಗ್ಗೆಯೇ ಹೇಳಿರಬೇಕಾಗುತ್ತದೆ. ಎರಡನೆಯದು ನೀರು: ಬೇಸಿಗೆಯ ಕೊನೆಗೆ ಕಡಲ ಬದಿಯ ಬಾವಿಗಳು ಉಪ್ಪಾಗುವುದುಂಟು. ಮೂರನೆಯದು ಓಡಾಟ: ಒಳದಾರಿಗಳಲ್ಲಿ ಬಸ್ಸು ವಿರಳ, ಸ್ವಂತ ವಾಹನವಿಲ್ಲದವರಿಗೆ ಗೊತ್ತಿರುವ ರಿಕ್ಷಾದವರ ನಂಬರು ಮನೆಯವರ ಹತ್ತಿರವೇ ಇರುತ್ತದೆ.

ಉಬ್ಬರ-ಇಳಿತದ ವೇಳಾಪಟ್ಟಿ

ಇಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿ ದಿನವೂ ಇವು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ಏರಿ ತುಂಬಾ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ಹಾಗಾಗಿ ದಿನಾಂಕ ಗೊತ್ತುಮಾಡುವಾಗ ಕ್ಯಾಲೆಂಡರಿನ ತಿಥಿಯನ್ನೂ ನೋಡಿಕೊಳ್ಳುವುದು ಪ್ರಯೋಜನಕರ. ನದಿಯ ಒಡಲು ನೋಡಬೇಕೆನ್ನುವವರು ಅಮಾವಾಸ್ಯೆ ಇಲ್ಲವೇ ಹುಣ್ಣಿಮೆ ಸೇರುವಂತೆ ಬರಬೇಕು.

ಇಳಿತದಲ್ಲಿ ಹೊಳೆಯ ನಡುವೆ ಮರಳು-ಕೆಸರಿನ ದಿಬ್ಬಗಳು ತಲೆಯೆತ್ತುತ್ತವೆ. ಪಾತಿದೋಣಿಗಳಲ್ಲಿ ಬಂದಿಳಿದ ಹೆಂಗಸರೂ ಗಂಡಸರೂ ಬಾಗಿ ನಿಂತು, ಕಾಲಿನಿಂದ ಕೆಸರು ತಡವಿ, ಕೈಗೆ ಸಿಕ್ಕ ಬಳಚು ಎಂಬ ಚಿಪ್ಪಿಯನ್ನು ಬುಟ್ಟಿಗೆ ಹಾಕುತ್ತಾರೆ. ಒಂದು ಕಡೆ ಬರಿದಾದರೆ ನಾಲ್ಕು ಹೆಜ್ಜೆ ಸರಿಯುತ್ತಾರೆ. ಮಾತಿಗೆ ಬಿಡುವಿಲ್ಲ, ನೀರು ಮತ್ತೆ ಏರುವಷ್ಟರಲ್ಲಿ ಬುಟ್ಟಿ ತುಂಬಬೇಕು. ಅವರು ಎದ್ದ ಮೇಲೆ ದಿಬ್ಬದಲ್ಲಿ ಬೆಳ್ಳಕ್ಕಿಗಳ ಕೆಲಸ ಶುರು. ಉಬ್ಬರದ ಹೊತ್ತು ದೋಣಿಗೆ ಒಳ್ಳೆಯದು: ಕಾಂಡ್ಲಾ ಗಿಡಗಳ ಬುಡದವರೆಗೆ ನೀರು ತುಂಬಿ, ಐಗಳಕುರ್ವೆಯಂಥ ನಡುಗಡ್ಡೆಗಳ ಸುತ್ತ ಸಲೀಸಾಗಿ ಹೋಗಿಬರಬಹುದು. ಊರಿನ ಮೀನುಗಾರರು ಬಾಡಿಗೆಗೆ ದೋಣಿ ಬಿಡುವುದುಂಟು. ಲೈಫ್ ಜಾಕೆಟ್ ಇದೆಯೇ ಎಂದು ಮೊದಲೇ ಕೇಳಬೇಕು.

ಉಳಿದ ಹೊತ್ತಿಗೆ ಅರ್ಧ ದಿನದ ಒಂದೆರಡು ತಿರುಗಾಟ ಸಾಕು. ಅಘನಾಶಿನಿಯ ದಂಡೆಯ ಮಿರ್ಜಾನ ಕೋಟೆ 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಗೆ ಸೇರಿತ್ತು. ಘಟ್ಟದ ಕಾಳುಮೆಣಸು ಈ ನದಿಯ ಬಂದರಿನಿಂದ ಹಡಗು ಏರುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಮಳೆಗಾಲ ಕಳೆದ ಹೊಸತರಲ್ಲಿ ಕೋಟೆಯ ಚಿರೆಕಲ್ಲಿನ ಗೋಡೆಗಳೆಲ್ಲ ಹಸಿರು. ಕಾಡಿನ ನಡುವಿನ ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಮತ್ತು 90 ಮೀಟರ್ ಎತ್ತರದ ಮೋಹಿನಿ ಶಿಖರ ಎಂಬ ಕರಿಯ ಕಲ್ಲುಗಳಿವೆ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನಕ್ಕೆ ಬೆಳಗಿನ ಹೊತ್ತು ವಾಸಿ. ಉಡುಪಿನ ನಿಯಮವಿದೆ ಎಂಬುದು ನೆನಪಿರಲಿ. ನವೆಂಬರ್‌ನಿಂದ ಮೇವರೆಗೆ ಸುತ್ತಲಿನ ಯಾವುದಾದರೂ ಊರಿನಲ್ಲಿ ಯಕ್ಷಗಾನ ಬಯಲಾಟ ಇದ್ದೇ ಇರುತ್ತದೆ. ಹೊನ್ನಾವರ ತಾಲ್ಲೂಕಿನ ಗುಣವಂತೆ, ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ. ಹೋಳಿಯ ದಿನಗಳಲ್ಲಿ ಬಂದವರಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನೋಡಸಿಗಬಹುದು.

ಊಟ

ಮೀನಿನ ಮನೆಗಳಲ್ಲಿ ಕುಚ್ಚಲಕ್ಕಿ ಅನ್ನದ ಜೊತೆ ಬಂಗಡೆ, ತಾರ್ಲೆ, ನೊಗಲಿ, ಶೆಟ್ಲಿ, ಬಳಚಿನ ಪದಾರ್ಥ. ಹವ್ಯಕರ ಊಟದಲ್ಲಿ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ, ಕೊನೆಗೆ ತುಪ್ಪ ಸವರಿದ ತೊಡದೇವು. ಸೆಕೆಗೆ ಮುರುಗಲಿನ ಪಾನಕ. ಪೇಟೆಯ ತಿಂಡಿಗಳನ್ನು ಇಲ್ಲಿ ಹುಡುಕುವುದು ದಂಡ. ಮನೆಯವರು ತಮಗೆ ಮಾಡಿಕೊಳ್ಳುವುದನ್ನೇ ಬಡಿಸಿ ಎಂದರೆ ಇಬ್ಬರಿಗೂ ಸುಲಭ.

ಎಚ್ಚರಿಕೆ, ಮರ್ಯಾದೆ

ಗೋಕರ್ಣದ ಸುತ್ತಲಿನ ಕಡಲತೀರಗಳಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ದಡಕ್ಕೆ ಬಡಿದ ನೀರು ಕಿರಿದಾದ ಪಟ್ಟಿಯಾಗಿ ಹಿಂದಕ್ಕೆ ನುಗ್ಗುವ ಸೆಳೆತವೇ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ತೆರೆ ಒಡೆಯದೆ ಸಮತಟ್ಟಾಗಿ ಕಾಣುವ ಜಾಗ ಸುರಕ್ಷಿತ ಎಂದು ಹೊಸಬರು ಅಲ್ಲಿಗೇ ಇಳಿಯುತ್ತಾರೆ; ಸೆಳೆತ ಇರುವುದೂ ಹೆಚ್ಚಾಗಿ ಅಲ್ಲೇ. ಸಿಕ್ಕಿಬಿದ್ದವರು ದಡದತ್ತ ನೇರ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ದಡ ಹಿಡಿಯಬೇಕು. ಅಳಿವೆಯ ಬಾಯಲ್ಲಿ ಇಳಿತದ ನೀರು ಕಡಲಿಗೆ ಎಳೆಯುವುದರಿಂದ ಅಲ್ಲಿ ಈಜಲೇಬಾರದು. ಕೆಸರಿನಲ್ಲಿ ನಡೆಯುವಾಗ ಕಾಲಿಗೆ ಗಟ್ಟಿ ಚಪ್ಪಲಿ ಬೇಕು. ಚಿಪ್ಪಿನ ಅಂಚು ಪಾದ ಸೀಳುತ್ತದೆ.

ಚಳಿಗಾಲದಲ್ಲಿ ಈ ಕರಾವಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಮರಳಿನ ಮೇಲೆ ಟಾರ್ಚ್ ಬೀರುವುದು, ಬೆಂಕಿ ಹಾಕುವುದು ಅವುಗಳಿಗೆ ತೊಂದರೆ. ಗೂಡು ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಳಚು ಹೆಕ್ಕುವವರ, ಆಗರದಲ್ಲಿ ದುಡಿಯುವವರ ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳುವುದು ಮರ್ಯಾದೆ. ಪ್ಲಾಸ್ಟಿಕ್ ಕಸವನ್ನು ತಂದವರೇ ಕೊಂಡೊಯ್ಯಬೇಕು. ಹಳ್ಳಿಯಲ್ಲಿ ಬಿಟ್ಟದ್ದು ಮಳೆಗೆ ಹೊಳೆ ಸೇರುತ್ತದೆ.

ಸಿದ್ಧತೆಯ ಕ್ರಮ

ಮೊದಲು ದಿನ ಗೊತ್ತುಮಾಡಿ, ವಸತಿ ಹಿಡಿದು, ಆಮೇಲೆ ರೈಲಿನ ಟಿಕೆಟ್ ತೆಗೆಸುವುದು ಅನುಕೂಲ. ಕೋಣೆಗಳ ಸಂಖ್ಯೆ ಕಡಿಮೆಯಾದ್ದರಿಂದ ಮೊದಲು ತುಂಬುವುದು ಅವೇ. ಹತ್ತಿ ಬಟ್ಟೆ, ಕೊಡೆ, ಟೋಪಿ, ಸೊಳ್ಳೆಯ ಮುಲಾಮು, ಕೈಯಲ್ಲಿ ಒಂದಿಷ್ಟು ನಗದು ಇರಬೇಕು. ಕುಮಟಾದಲ್ಲಿ ಸರ್ಕಾರಿ ಆಸ್ಪತ್ರೆಯಿದೆ, ಆದರೆ ಹೆಚ್ಚಿನ ಚಿಕಿತ್ಸೆಗೆ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಹೋಗುತ್ತಾರೆ. ನಿತ್ಯದ ಔಷಧಿ ತೆಗೆದುಕೊಳ್ಳುವವರು ಎರಡು ದಿನದ್ದು ಹೆಚ್ಚಿಗೇ ಇಟ್ಟುಕೊಳ್ಳಬೇಕು, ತುರ್ತಿಗೆ 112. ದೋಣಿ, ರಿಕ್ಷಾ, ಆಟ, ತಿರುಗಾಟಗಳನ್ನು ಮುಂಚಿತವಾಗಿ ಗೊತ್ತುಮಾಡುವ ಅಗತ್ಯವಿಲ್ಲ. ಅವು ಅಂದಿನ ನೀರು, ಬಿಸಿಲು ನೋಡಿ ಅಲ್ಲಿಯೇ ತೀರ್ಮಾನವಾಗುವಂಥವು.